577426ಕ್ಕೆ ಬರುವ ಪಾರ್ಸೆಲ್: ಕೊಳ್ಳುವವರ ಕೈಯಲ್ಲೂ ಒಂದು ಕೊಳಗ

ಆನ್‌ಲೈನ್‌ನಲ್ಲಿ ಕೊಳ್ಳಬೇಕೋ ಬೇಡವೋ ಎಂಬ ಚರ್ಚೆ ಹೊಸನಗರ ತಾಲ್ಲೂಕಿನ ರಿಪ್ಪನ್‌ಪೇಟೆಯಲ್ಲಿ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಮಿಕ್ಸಿಯ ಜಾರ್ ಒಡೆದರೆ ಅದೇ ಕಂಪನಿಯ ಜಾರ್ ಪೇಟೆಯಲ್ಲಿ ಸಿಗುತ್ತದೆ ಎಂಬ ಖಾತ್ರಿ ಇಲ್ಲ. ಅದೊಂದಕ್ಕಾಗಿ ಶಿವಮೊಗ್ಗದ ಬಸ್ಸು ಹತ್ತಿದರೆ ಅರ್ಧ ದಿನದ ಕೆಲಸ ಕೆಟ್ಟಿತು. ಮೊಬೈಲಿನಲ್ಲಿ 577426 ಎಂದು ಪಿನ್‌ಕೋಡ್ ಒತ್ತಿದರೆ ಕೆಲವೇ ದಿನದಲ್ಲಿ ಮನೆಗೆ ಬರುತ್ತದೆ. ಹೀಗಿರುವಾಗ ದೊಡ್ಡ ಆನ್‌ಲೈನ್ ಕಂಪನಿಗಳನ್ನು ಬಹಿಷ್ಕರಿಸಿ ಎಂಬ ಉಪದೇಶ ಮಲೆನಾಡಿನ ಹಳ್ಳಿಗೆ ಅಷ್ಟಾಗಿ ನಾಟುವುದಿಲ್ಲ. ಆದರೆ ಆ ಜಾರ್ ಯಾರ್ಯಾರ ಕೈ ದಾಟಿ ಬಂತು, ಅವರಿಗೆ ಸಿಕ್ಕಿದ್ದೇನು, ಅದನ್ನು ಹೆಚ್ಚಿಸುವ ಅಥವಾ ತಗ್ಗಿಸುವ ಯಾವ ಗುಂಡಿ ನಮ್ಮ ಮೊಬೈಲಿನಲ್ಲೇ ಇದೆ ಎಂದು ತಿಳಿದರೆ, ಕೊಳ್ಳುತ್ತಲೇ ಮಾಡಬಹುದಾದ ಕೆಲಸ ಬೇಕಾದಷ್ಟಿದೆ.

ಪಾರ್ಸೆಲ್ ಬರುವ ದಾರಿ

ಆರ್ಡರ್ ಮಾಡಿದ ಸುದ್ದಿ ಮೊದಲು ಮುಟ್ಟುವುದು ಮಾರಾಟಗಾರರಿಗೆ. ಅಮೆಜಾನ್, ಫ್ಲಿಪ್‌ಕಾರ್ಟ್, ಮೀಶೋಗಳಲ್ಲಿ ಕಾಣುವ ಬಹುತೇಕ ಸರಕು ಆ ಕಂಪನಿಗಳ ಸ್ವಂತದ್ದಲ್ಲ. ಮಾರುವ ಜಾಗ ಒದಗಿಸಿ ಕಮಿಷನ್, ಸಾಗಣೆ ಶುಲ್ಕ, ಜಾಹೀರಾತಿನ ಹಣದಲ್ಲಿ ಅವು ಗಳಿಸುತ್ತವೆ. ಫ್ಲಿಪ್‌ಕಾರ್ಟ್ 2007ರಲ್ಲಿ ಬೆಂಗಳೂರಿನಲ್ಲೇ ಹುಟ್ಟಿದ್ದು. 2018ರಲ್ಲಿ ಅದರ ಬಹುಪಾಲು ಷೇರನ್ನು ಅಮೆರಿಕದ ವಾಲ್‌ಮಾರ್ಟ್ ಕೊಂಡಿತು. ವಿದೇಶಿ ಬಂಡವಾಳದ ಇಂಥ ಮಾರುಕಟ್ಟೆಗಳು ತಮ್ಮದೇ ದಾಸ್ತಾನು ಇಟ್ಟು ನೇರವಾಗಿ ಮಾರುವಂತಿಲ್ಲ ಎಂಬ ನಿಯಮವನ್ನು 2019ರ ಫೆಬ್ರುವರಿಯಿಂದ ಬಿಗಿಗೊಳಿಸಲಾಗಿದೆ. ಆದ್ದರಿಂದ ಜಾರ್ ಸೀಳಿದ್ದು ಬಂದರೆ ಅದರ ಹೊಣೆ ಮೊದಲು ಮಾರಾಟಗಾರರದ್ದು, ಮನೆ ಬಾಗಿಲಿಗೆ ತಂದವರದ್ದಲ್ಲ. ಈ ವ್ಯತ್ಯಾಸ ಮುಂದೆ ಬೇಕಾಗುತ್ತದೆ.

ಸರಕು ಹೊರಡುವುದು ಗೋದಾಮಿನಿಂದ. ಬೆಂಗಳೂರಿನ ಸುತ್ತ ಹೊಸಕೋಟೆ, ಮಾಲೂರು, ನೆಲಮಂಗಲದ ಕಡೆ ಇಂಥ ಭಾರಿ ಗೋದಾಮುಗಳು ಎದ್ದಿವೆ. ಕಪಾಟಿನಿಂದ ತೆಗೆಯುವವರು, ಡಬ್ಬಿಗೆ ಹಾಕಿ ಟೇಪು ಹಚ್ಚುವವರು, ಲಾರಿಗೆ ತುಂಬುವವರು ಅಲ್ಲಿದ್ದಾರೆ; ಇವರಲ್ಲಿ ಬಹಳಷ್ಟು ಮಂದಿ ಗುತ್ತಿಗೆದಾರರ ಮೂಲಕ ಸೇರಿದವರು. ಅಲ್ಲಿಂದ ಪಿನ್‌ಕೋಡ್ ಪ್ರಕಾರ ವಿಂಗಡಣೆಯಾಗಿ, ಶಿವಮೊಗ್ಗದ ಕಡೆಗೆ ರಾತ್ರಿ ಲಾರಿ, ಆಮೇಲೆ ಸ್ಥಳೀಯ ಹಬ್.

ಕೊನೆಯ ಹಾದಿಯನ್ನು ಕ್ರಮಿಸುವವರು ಮೂರು ಬಗೆ. ಕಂಪನಿಯ ಆ್ಯಪ್‌ಗೆ ಹೆಸರು ನೋಂದಾಯಿಸಿ ಸ್ವಂತ ಬೈಕಿನಲ್ಲಿ ತರುವವರು ಒಬ್ಬರು. ಹಬ್ ನಡೆಸುವ ಗುತ್ತಿಗೆದಾರರ ಕೈಕೆಳಗೆ ಸಂಬಳಕ್ಕೋ ಪಾರ್ಸೆಲ್ ಲೆಕ್ಕಕ್ಕೋ ದುಡಿಯುವವರು ಇನ್ನೊಬ್ಬರು. ಖಾಸಗಿ ಜಾಲ ತಲುಪದ ಕಡೆ ಅಂಚೆ ಇಲಾಖೆಯ ಗ್ರಾಮೀಣ ಡಾಕ್ ಸೇವಕರು. ಬಾಗಿಲಲ್ಲಿ ನಿಂತವರು ಈ ಮೂವರಲ್ಲಿ ಯಾರು ಎಂಬುದರ ಮೇಲೆ ಅವರ ಹಕ್ಕು ನಿಂತಿದೆ.

ಒಂದು ಟ್ರಿಪ್ಪಿನ ಲೆಕ್ಕ

ಪಾರ್ಸೆಲ್ ಲೆಕ್ಕದ ದುಡಿಮೆ ಊರಿನ ನಡುವೆ ಒಂದು ಥರ, ಕೇರಿಕೇರಿಯಾಗಿ ಹರಡಿದ ಮಲೆನಾಡಿನಲ್ಲಿ ಇನ್ನೊಂದು ಥರ. ದರ ಕಂಪನಿಯಿಂದ ಕಂಪನಿಗೆ, ಹಬ್‌ನಿಂದ ಹಬ್‌ಗೆ ಬೇರೆ. ಲೆಕ್ಕಕ್ಕಾಗಿ ಪಾರ್ಸೆಲ್ಲಿಗೆ 15 ರೂಪಾಯಿ ಎಂದಿಟ್ಟುಕೊಳ್ಳೋಣ. ಪೇಟೆಯಿಂದ ಆರು ಕಿಲೋಮೀಟರ್ ಒಳಗಿನ ಹಳ್ಳಿಗೆ ಹೋಗಿ ಬರಲು 12 ಕಿಲೋಮೀಟರ್. ಬೈಕು ಲೀಟರಿಗೆ 45 ಕಿಲೋಮೀಟರ್ ಕೊಟ್ಟು, ಪೆಟ್ರೋಲ್ ಲೀಟರಿಗೆ ನೂರರ ಆಸುಪಾಸು ಇದ್ದರೆ ಇಂಧನಕ್ಕೇ 26–27 ರೂಪಾಯಿ. ಆ ಕಡೆಗೆ ಅವತ್ತು ಒಂದೇ ಪಾರ್ಸೆಲ್ ಇದ್ದರೆ ಕೈಯಿಂದಲೇ ಹೋಯಿತು. ನಾಲ್ಕು ಇದ್ದರೆ 60 ರೂಪಾಯಿ ಬಂದು, ಪೆಟ್ರೋಲ್ ಕಳೆದು ಮೂವತ್ತಮೂರು ಉಳಿಯಿತು. ಟಯರು, ಸರ್ವಿಸ್ಸು, ಮೊಬೈಲಿನ ಡೇಟಾ ಇನ್ನೂ ಹಿಡಿದಿಲ್ಲ.

ಇದಕ್ಕೆ ಹೊಸನಗರ ತಾಲ್ಲೂಕಿನ ಮಳೆ ಸೇರಿಸಿ. ರಾಜ್ಯದಲ್ಲೇ ಅತಿ ಹೆಚ್ಚು ಮಳೆ ಬೀಳುವ ಊರುಗಳಲ್ಲೊಂದಾದ ಹುಲಿಕಲ್ ಇರುವುದು ಇದೇ ತಾಲ್ಲೂಕಿನಲ್ಲಿ. ಆಮೇಲೆ ವಿಳಾಸ. "ಅಣ್ಣಾ, ಪಾರ್ಸೆಲ್ ಇತ್ತು, ಲೊಕೇಶನ್ ಎಲ್ಲೋ ಗದ್ದೆ ಮಧ್ಯ ತೋರಿಸ್ತಿದೆ" ಎಂದು ಫೋನು ಬರುತ್ತದೆ. "ಅರಳಿಕಟ್ಟೆ ದಾಟಿ ಎಡಕ್ಕೆ ಬನ್ನಿ, ಸಂಕ ಸಿಗತ್ತೆ, ಅಲ್ಲೇ ನಿಂತ್ಕಳಿ" ಎನ್ನುವಷ್ಟರಲ್ಲಿ ಸಿಗ್ನಲ್ ಹೋಗಿರುತ್ತದೆ. ಸಂಕದ ಹತ್ತಿರ ಹತ್ತು ನಿಮಿಷ ಕಾದು ಪಾರ್ಸೆಲ್ ಕೊಟ್ಟರೂ ಓಟಿಪಿ ಬಾರದಿದ್ದರೆ ಆ್ಯಪ್‌ನಲ್ಲಿ 'ತಲುಪಿತು' ಎಂದು ಒತ್ತಲಾಗದು. ತಲುಪಿದ ಪಾರ್ಸೆಲ್ಲಿಗೆ ಮಾತ್ರ ಕಾಸು ಎಂಬ ಕರಾರು ಇದ್ದಲ್ಲಿ, ಓಟಿಪಿ ಬರುವವರೆಗೆ ಆ ಟ್ರಿಪ್ಪಿಗೆ ಬೆಲೆಯೇ ಇಲ್ಲ.

ಗೋದಾಮಿನ ಕಥೆ ಬೇರೆ: ಅಲ್ಲಿ ಒತ್ತಡ ಗಂಟೆಯ ಗುರಿಯದ್ದು. 2024ರಲ್ಲಿ ಹರಿಯಾಣದ ಮಾನೇಸರ್‌ನ ಅಮೆಜಾನ್ ಗೋದಾಮಿನಲ್ಲಿ, 24 ಅಡಿಯ ಆರು ಲಾರಿಗಳ ಸರಕು ಇಳಿಸಿ ಮುಗಿಯುವವರೆಗೆ ಶೌಚಕ್ಕೂ ನೀರಿಗೂ ಹೋಗುವುದಿಲ್ಲ ಎಂದು ಕಾರ್ಮಿಕರಿಂದ ಪ್ರತಿಜ್ಞೆ ಮಾಡಿಸಿದ ಸುದ್ದಿ ಹೊರಬಿತ್ತು. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ತಾನಾಗಿ ಪ್ರಕರಣ ದಾಖಲಿಸಿಕೊಂಡು ಕೇಂದ್ರ ಕಾರ್ಮಿಕ ಸಚಿವಾಲಯಕ್ಕೆ ನೋಟಿಸ್ ಕೊಟ್ಟಿತು. ಅದೊಂದು ಬಿಡಿ ಘಟನೆ, ಆಗಬಾರದಿತ್ತು ಎಂದು ಕಂಪನಿ ಹೇಳಿತು. ಹೊರಗೆ ಗೊತ್ತಾದದ್ದು ಒಳಗಿದ್ದ ಕಾರ್ಮಿಕರು ಬಾಯಿಬಿಟ್ಟದ್ದರಿಂದ.

ಅಂಚೆಯಣ್ಣನೂ ಆರಾಮಾಗಿಲ್ಲ. ಗ್ರಾಮೀಣ ಡಾಕ್ ಸೇವಕರು ಇಲಾಖೆಯ ಪೂರ್ಣ ನೌಕರರಲ್ಲ. ದಿನಕ್ಕೆ ನಾಲ್ಕರಿಂದ ಐದು ಗಂಟೆಯ ಕೆಲಸ ಎಂದು ಲೆಕ್ಕ ಹಾಕಿ ಭತ್ಯೆ ಕೊಡುತ್ತಾರೆ. 2018ರ ಪರಿಷ್ಕರಣೆಯಲ್ಲಿ ಅದರ ಆರಂಭಿಕ ಮೊತ್ತ 10,000ದಿಂದ 14,500 ರೂಪಾಯಿವರೆಗೆ ನಿಗದಿಯಾಯಿತು, ತುಟ್ಟಿಭತ್ಯೆ ಬೇರೆ. ಆ ಪರಿಷ್ಕರಣೆಗಾಗಿಯೂ ಅವರು ಅದೇ ವರ್ಷದ ಮೇ–ಜೂನ್‌ನಲ್ಲಿ ದೇಶದಾದ್ಯಂತ ಮುಷ್ಕರ ಹೂಡಬೇಕಾಯಿತು.

ಕಾಗೋಡಿನ ಕೊಳಗ, ಆ್ಯಪಿನ ಸ್ಟಾರ್

ಒಗ್ಗಟ್ಟು ಎಂದರೆ ಏನೆಂದು ಈ ಸೀಮೆಗೆ ಹೊರಗಿನವರು ಕಲಿಸಬೇಕಾಗಿಲ್ಲ. ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು ಎದ್ದು ನಿಂತದ್ದು ಅಳತೆಯ ಪ್ರಶ್ನೆಗೆ. ಗೇಣಿ ಭತ್ತ ಅಳೆಯುವ ಕೊಳಗ ಒಡೆಯರದ್ದು; ಅದು ರೂಢಿಗಿಂತ ದೊಡ್ಡದು ಎಂಬುದು ರೈತರ ದೂರು. ಗೇಣಿಯ ಕರಾರಿನಲ್ಲಿ ಕೊಳಗದ ಲೆಕ್ಕ ಅಷ್ಟೇ ಇದ್ದರೂ ಪಾತ್ರೆ ದೊಡ್ಡದಾದರೆ ಭತ್ತ ಜಾಸ್ತಿ ಹೋಗುತ್ತದೆ. ಎಚ್. ಗಣಪತಿಯಪ್ಪನವರು ಕಟ್ಟಿದ ರೈತ ಸಂಘಟನೆ ಮುಂದಾಯಿತು, ಸಮಾಜವಾದಿಗಳು ಜೊತೆಗೂಡಿದರು. ಜೂನ್‌ನಲ್ಲಿ ಅವರ ನಾಯಕ ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದ ಮೇಲೆ ಕಾಗೋಡಿನ ಹೆಸರು ದೇಶಕ್ಕೆಲ್ಲ ಗೊತ್ತಾಯಿತು. ಈ ಹೋರಾಟದಲ್ಲಿ ತೊಡಗಿದ್ದ ಸಮಾಜವಾದಿ, ತೀರ್ಥಹಳ್ಳಿ ತಾಲ್ಲೂಕು ಆರಗದ ಶಾಂತವೇರಿ ಗೋಪಾಲಗೌಡರು ಮರುವರ್ಷ ಸಾಗರ–ಹೊಸನಗರ ಕ್ಷೇತ್ರದಿಂದ ಶಾಸನಸಭೆಗೆ ಗೆದ್ದರು.

ಆ್ಯಪ್‌ನಲ್ಲಿ ದುಡಿಯುವವರ ದೂರಿಗೂ ಇದೇ ಆಕಾರ. ದರ ಇಷ್ಟು ಎಂದು ಹೇಳಿರುತ್ತಾರೆ. ದೂರವನ್ನು ಹೇಗೆ ಅಳೆದರು, ಯಾವ ಕಾರಣಕ್ಕೆ ಕಡಿತ ಮಾಡಿದರು, ಒಂದು ಬೆಳಿಗ್ಗೆ ಐಡಿ ಏಕೆ ಬ್ಲಾಕ್ ಆಯಿತು ಎಂಬುದು ದುಡಿಯುವವರಿಗೆ ಕಾಣದು. ಹಳೆಯ ಕೊಳಗಕ್ಕೂ ಇದಕ್ಕೂ ಒಂದು ವ್ಯತ್ಯಾಸವಿದೆ. ಇಲ್ಲಿ ಅಳೆಯುವ ಪಾತ್ರೆಯ ಒಂದು ಹಿಡಿ ಗ್ರಾಹಕರ ಕೈಯಲ್ಲೂ ಇದೆ. ನಾವು ಒತ್ತುವ ಸ್ಟಾರ್, ಬೇಡವೆಂದು ವಾಪಸ್ ಕಳಿಸುವ ಪಾರ್ಸೆಲ್, 'ಬಂದಿಲ್ಲ' ಎಂಬ ದೂರು ಎಲ್ಲವೂ ಆ ಅಳತೆಯೊಳಗೆ ಬೀಳುತ್ತವೆ. ನ್ಯಾಯವಾಗಿ ಕೊಳ್ಳುವುದು ಎಂದರೆ ಮೊದಲು ಆ ಹಿಡಿಯನ್ನು ಎಚ್ಚರದಿಂದ ಹಿಡಿಯುವುದು.

ಕಾನೂನು ಈಗ ಎಲ್ಲಿ ನಿಂತಿದೆ

ನೀತಿ ಆಯೋಗದ 2022ರ ವರದಿ 2020–21ರಲ್ಲಿ ದೇಶದ ಗಿಗ್ ಕಾರ್ಮಿಕರ (ಸಂಬಳದ ನೌಕರಿಯಲ್ಲದೆ ಕೆಲಸದ ಲೆಕ್ಕಕ್ಕೆ ದುಡಿಯುವವರ) ಸಂಖ್ಯೆ 77 ಲಕ್ಷ ಎಂದು ಅಂದಾಜಿಸಿ, 2029–30ಕ್ಕೆ ಅದು 2.35 ಕೋಟಿಗೆ ಏರಬಹುದು ಎಂದಿತ್ತು. ಇವರಿಗಾಗಿ ಪ್ರತ್ಯೇಕ ಕಾನೂನು ಮೊದಲು ಮಾಡಿದ್ದು ರಾಜಸ್ಥಾನ, 2023ರಲ್ಲಿ. ಕರ್ನಾಟಕದಲ್ಲಿ 2025ರ ಮೇ ತಿಂಗಳಲ್ಲಿ ಸುಗ್ರೀವಾಜ್ಞೆಯಾಗಿ ಬಂದದ್ದು ಅದೇ ವರ್ಷ ಪ್ಲಾಟ್‌ಫಾರಂ ಆಧಾರಿತ ಗಿಗ್ ಕಾರ್ಮಿಕರ (ಸಾಮಾಜಿಕ ಭದ್ರತೆ ಮತ್ತು ಕಲ್ಯಾಣ) ಕಾಯ್ದೆಯಾಯಿತು. ಆಟೋ, ಊಟದ ಆ್ಯಪ್‌ಗಳ ಜೊತೆಗೆ ಸರಕು ಸಾಗಣೆ ಮತ್ತು ಆನ್‌ಲೈನ್ ಮಾರಾಟವೂ ಅದರ ಪಟ್ಟಿಯಲ್ಲಿದೆ. ತಿಳಿದಿರಬೇಕಾದ ಅಂಶಗಳು ಇವು:

– ಕಾರ್ಮಿಕರಿಗೆ ಪ್ರತಿ ಕೆಲಸಕ್ಕೆ ಕೊಡುವ ಮೊತ್ತದ ಮೇಲೆ ಕಂಪನಿ ಶೇ 1ರಿಂದ 5ರೊಳಗೆ ಕಲ್ಯಾಣ ಶುಲ್ಕ ಕಟ್ಟಬೇಕು. ಆ ನಿಧಿಯನ್ನು ನೋಡಿಕೊಳ್ಳಲು ಮಂಡಳಿ ಇರುತ್ತದೆ.
– ಮಂಡಳಿಯಲ್ಲಿ ಕಾರ್ಮಿಕರ ನೋಂದಣಿಯಾಗಿ ಪ್ರತಿಯೊಬ್ಬರಿಗೂ ಗುರುತಿನ ಸಂಖ್ಯೆ ಸಿಗುತ್ತದೆ.
– ಕೆಲಸ ಹಂಚುವ, ರೇಟಿಂಗ್ ಕೊಡುವ ಸ್ವಯಂಚಾಲಿತ ವ್ಯವಸ್ಥೆ ಹೇಗೆ ನಡೆಯುತ್ತದೆ ಎಂದು ಕೇಳಿ ತಿಳಿಯುವ ಹಕ್ಕಿದೆ. ಹಣ ಕಡಿತ ಮಾಡಿದರೆ ಕಾರಣ ತಿಳಿಸಬೇಕು.
– ಸಾಮಾನ್ಯ ಸಂದರ್ಭದಲ್ಲಿ ಲಿಖಿತ ಕಾರಣ ಕೊಟ್ಟು, 14 ದಿನ ಮುಂಚೆ ನೋಟಿಸ್ ನೀಡದೆ ಕೆಲಸದಿಂದ ತೆಗೆಯುವಂತಿಲ್ಲ.

ಹಬ್‌ನ ಗುತ್ತಿಗೆದಾರರ ಬಳಿ ತಿಂಗಳ ಸಂಬಳಕ್ಕೆ ಇರುವವರ ದಾರಿ ಬೇರೆ. ಅವರು ಕನಿಷ್ಠ ಕೂಲಿ, ಪಿಎಫ್, ಇಎಸ್‌ಐ ಕೇಳಬೇಕಾದವರು. ಇಎಸ್‌ಐ ಅನ್ವಯವಾಗುವ ಕಡೆ ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳ ಇರುವವರಿಗೆ ಮಾಲೀಕರು ಶೇ 3.25, ನೌಕರರು ಶೇ 0.75 ಕಟ್ಟುವ ಪದ್ಧತಿ. ಇನ್ನು 2020ರ ಕೇಂದ್ರ ಸಾಮಾಜಿಕ ಭದ್ರತಾ ಸಂಹಿತೆ 2025ರ ನವೆಂಬರ್ 21ರಂದು ಜಾರಿಗೆ ಬಂತು. ಗಿಗ್ ಕಾರ್ಮಿಕರನ್ನು ಹೆಸರಿಸಿ ಒಳಗೊಂಡ ಕೇಂದ್ರ ಕಾನೂನು ಅದು. ನಿಮ್ಮ ಮನೆಯ ಹುಡುಗನೋ ಪಕ್ಕದ ಮನೆಯವನೋ ಈ ಕೆಲಸದಲ್ಲಿದ್ದರೆ ಇವತ್ತೇ ಮಾಡಿಸಬಹುದಾದದ್ದು ಇ–ಶ್ರಮ ನೋಂದಣಿ. ಆಧಾರ್, ಅದಕ್ಕೆ ಜೋಡಿಸಿದ ಮೊಬೈಲ್, ಬ್ಯಾಂಕ್ ಖಾತೆ ಸಾಕು, ಸಹಾಯವಾಣಿ 14434.

ಕೊಳ್ಳುವಾಗ ಮಾಡಬಹುದಾದದ್ದು

*ಒಟ್ಟಿಗೆ ತರಿಸಿ.* ಮೇಲಿನ ಪೆಟ್ರೋಲ್ ಲೆಕ್ಕವೇ ಕಾರಣ. ಮನೆಗೆ ಬೇಕಾದ ಮೂರು ವಸ್ತುವನ್ನು ಮೂರು ದಿನ ಆರ್ಡರ್ ಮಾಡುವ ಬದಲು ಒಂದೇ ದಿನ ಮಾಡಿ. ಕೇರಿಯ ನಾಲ್ಕು ಮನೆಯವರು ಮಾತಾಡಿಕೊಂಡರೆ ಇನ್ನೂ ಒಳ್ಳೆಯದು.

*ವಿಳಾಸ ಬರೆಯುವುದು ಕಲಿಯಿರಿ.* 'ಅಂಚೆ ಇಂಥದ್ದು, ವಯಾ ರಿಪ್ಪನ್‌ಪೇಟೆ' ಎಂಬುದು ಕಾಗದ ತರುವ ಅಂಚೆಯಣ್ಣನಿಗೆ ಸಾಕಿತ್ತು, ಹೊಸಬರಿಗೆ ಸಾಲದು. ಮುಖ್ಯರಸ್ತೆ ಯಾವುದು, ಯಾವ ಬಸ್ ನಿಲ್ದಾಣದ ಹತ್ತಿರ ತಿರುಗಬೇಕು, ಶಾಲೆಯೋ ಹಾಲಿನ ಡೇರಿಯೋ ಏನು ಗುರುತು ಎಂದು ಬರೆಯಿರಿ. ಮನೆಯಲ್ಲಿ ಸಿಗ್ನಲ್ ಇಲ್ಲದಿದ್ದರೆ ಸಿಗ್ನಲ್ ಇರುವ ಕಡೆ ಇರುವವರ ಎರಡನೇ ನಂಬರ್ ಕೊಡಿ. ಓಟಿಪಿ ಬಹಳ ಸಲ ಆ್ಯಪ್‌ನ ಆರ್ಡರ್ ಪುಟದಲ್ಲೂ ಕಾಣುತ್ತದೆ. ಪೇಟೆಯಲ್ಲಿದ್ದಾಗ ಬರೆದಿಟ್ಟುಕೊಂಡರೆ ಬಾಗಿಲಲ್ಲಿ ಕಾಯಿಸಬೇಕಾಗಿಲ್ಲ. ಪಾರ್ಸೆಲ್ ಕೈಗೆ ಬರುವ ಮೊದಲು ಮಾತ್ರ ಓಟಿಪಿ ಹೇಳಬೇಡಿ.

*ಪೇಟೆಯ ಅಂಗಡಿಗೇ ತರಿಸಿ.* ಮಳೆಗಾಲದ ಮೂರು ತಿಂಗಳಾದರೂ ಪರಿಚಯದ ಅಂಗಡಿಯ ವಿಳಾಸ ಕೊಟ್ಟು, ಸಾಮಾನಿಗೆ ಪೇಟೆಗೆ ಬಂದಾಗ ಎತ್ತಿಕೊಂಡು ಹೋಗಬಹುದು. ಅಂಗಡಿಯವರನ್ನು ಕೇಳಿ ಒಪ್ಪಿಸಿಕೊಳ್ಳಿ, ಅವರಲ್ಲೂ ಏನಾದರೂ ಕೊಳ್ಳಿ.

*ಕ್ಯಾಶ್ ಆನ್ ಡೆಲಿವರಿ ಮಾಡಿ ಬೇಡವೆನ್ನಬೇಡಿ.* 'ಬಂದಾಗ ನೋಡೋಣ' ಎಂದು ಎರಡು ಸೈಜಿನ ಚಪ್ಪಲಿ ತರಿಸಿ ಒಂದನ್ನು ಬಾಗಿಲಲ್ಲೇ ವಾಪಸ್ ಮಾಡಿದರೆ, ಹೋಗುವ ಖರ್ಚು ಬರುವ ಖರ್ಚು ಎರಡನ್ನೂ ಹೊರುವವರು ಸಣ್ಣ ಮಾರಾಟಗಾರರು ಮತ್ತು ತಂದವರು. ಮನಸ್ಸು ಬದಲಾದರೆ ಪಾರ್ಸೆಲ್ ಹೊರಡುವ ಮೊದಲೇ ಆ್ಯಪ್‌ನಲ್ಲಿ ರದ್ದು ಮಾಡಿ.

*ಸ್ಟಾರ್ ಯಾರಿಗೆ ಎಂದು ನೋಡಿ ಒತ್ತಿ.* ವಸ್ತುವಿಗೆ, ಮಾರಾಟಗಾರರಿಗೆ, ಡೆಲಿವರಿಗೆ ಬೇರೆ ಬೇರೆ ರೇಟಿಂಗ್ ಇರುತ್ತದೆ. ಬಣ್ಣ ಹೊಂದಲಿಲ್ಲ ಎಂಬ ಸಿಟ್ಟಿಗೆ ಡೆಲಿವರಿಯ ಜಾಗದಲ್ಲಿ ಒಂದು ಸ್ಟಾರ್ ಒತ್ತಿದರೆ, ಬಣ್ಣ ಆರಿಸದವರ ದುಡಿಮೆಗೆ ಪೆಟ್ಟು.

*ದೂರು ಹೋಗಬೇಕಾದ ಕಡೆ ಹೋಗಲಿ.* 2020ರ ಇ–ಕಾಮರ್ಸ್ ನಿಯಮಗಳ ಪ್ರಕಾರ ಮಾರಾಟಗಾರರ ಹೆಸರು, ವಿಳಾಸ ತೋರಿಸಬೇಕು. ದೂರು ಬಂದ 48 ಗಂಟೆಯೊಳಗೆ ಕಂಪನಿಯ ಕುಂದುಕೊರತೆ ಅಧಿಕಾರಿ ಅದನ್ನು ಸ್ವೀಕರಿಸಿದ್ದಾಗಿ ತಿಳಿಸಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು. ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಅಲ್ಲಿಗೂ ಬಗೆಹರಿಯದಿದ್ದರೆ ಶಿವಮೊಗ್ಗದ ಜಿಲ್ಲಾ ಗ್ರಾಹಕ ಆಯೋಗ. ಐದು ಲಕ್ಷ ರೂಪಾಯಿವರೆಗಿನ ವ್ಯವಹಾರಕ್ಕೆ ಶುಲ್ಕವಿಲ್ಲ. ತಂದವರ ಮೇಲೆ ಕೂಗಾಡಿದರೆ ಇವುಗಳಲ್ಲಿ ಒಂದೂ ಆಗುವುದಿಲ್ಲ.

*ಯಾವ ಕಂಪನಿ ವಾಸಿ ಎಂದು ನೋಡಿ.* ಬೆಂಗಳೂರಿನ ಐಐಐಟಿ ಸಂಶೋಧಕರ ತಂಡ ಆಕ್ಸ್‌ಫರ್ಡ್ ಜೊತೆಗಿನ ಫೇರ್‌ವರ್ಕ್ ಯೋಜನೆಯಡಿ ಆ್ಯಪ್ ಕಂಪನಿಗಳಿಗೆ ಹತ್ತಕ್ಕೆ ಅಂಕ ಕೊಡುತ್ತದೆ. ಸಂಭಾವನೆ, ಕೆಲಸದ ಸ್ಥಿತಿ, ಕರಾರು, ಆಡಳಿತ, ಕಾರ್ಮಿಕರ ಪ್ರಾತಿನಿಧ್ಯ ಎಂಬ ಐದು ಅಂಶ ಅದರ ಒರೆ. 2024ರಲ್ಲಿ ಅತಿ ಹೆಚ್ಚು ಸಿಕ್ಕಿದ್ದು ಬಿಗ್‌ಬಾಸ್ಕೆಟ್, ಅರ್ಬನ್ ಕಂಪನಿಗಳಿಗೆ, ಅದೂ ಆರೇ ಅಂಕ. ರಿಪ್ಪನ್‌ಪೇಟೆಗೆ ಬರುವ ಕಂಪನಿಗಳ ನಡುವೆ ನಮಗಿರುವ ಆಯ್ಕೆ ಕಡಿಮೆ. ಬೆಂಗಳೂರಿನಲ್ಲಿರುವ ಮಕ್ಕಳಿಗೆ ಈ ಪಟ್ಟಿ ಹೆಚ್ಚು ಉಪಯೋಗ.

ಊರಿನ ಅಂಗಡಿ, ಹೆಗ್ಗೋಡಿನ ಬಟ್ಟೆ

ಊರಿನ ಅಂಗಡಿಯಲ್ಲಿ ಕೊಂಡರೆ ತಾನಾಗಿ ನ್ಯಾಯವಾಯಿತು ಎಂದೂ ಹೇಳಲಾಗದು. ಬೆಳಿಗ್ಗೆ ಬಾಗಿಲು ತೆಗೆದು ರಾತ್ರಿ ಹಾಕುವವರೆಗೆ ನಿಲ್ಲುವ ಕೆಲಸದ ಹುಡುಗಿಗೆ ವಾರದ ರಜೆ ಇದೆಯೇ? 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ಅದನ್ನೂ ಕೆಲಸದ ಗಂಟೆಯ ಮಿತಿಯನ್ನೂ ಹೇಳುತ್ತದೆ. ಅಮೆಜಾನ್ ಗೋದಾಮಿನ ಬಗ್ಗೆ ಕೇಳುವ ಪ್ರಶ್ನೆಯನ್ನು ಪೇಟೆಯ ಬಟ್ಟೆ ಅಂಗಡಿಯಲ್ಲೂ ಕೇಳಬೇಕು.

ಆದರೆ ಊರಿನ ಅಂಗಡಿ ಮಾಡುವ ಒಂದು ಕೆಲಸವನ್ನು ಯಾವ ಆ್ಯಪೂ ನಮ್ಮ ರೀತಿಯಲ್ಲಿ ಮಾಡದು: ಉದ್ರಿ. ಅಡಿಕೆ ಕೊಯ್ದು, ಬೇಯಿಸಿ, ಒಣಗಿಸಿ, ಮಾರಿ ದುಡ್ಡು ಬರುವವರೆಗೆ ದಿನಸಿಯನ್ನು ಪುಸ್ತಕದಲ್ಲಿ ಬರೆದುಕೊಂಡು ಕೊಡುವವರು ಅಂಗಡಿಯವರು. ಆನ್‌ಲೈನ್‌ನ ಹಬ್ಬದ ಸೇಲ್ ಬೀಳುವುದು ದಸರಾ–ದೀಪಾವಳಿಯ ಆಸುಪಾಸಿನಲ್ಲಿ, ಕೊಯ್ಲು ಶುರುವಾಗುವ ಹೊತ್ತಿಗೆ. ವರ್ಷವಿಡೀ ಉದ್ರಿ ಅಂಗಡಿಯಲ್ಲಿ, ಕೈಯಲ್ಲಿ ಕಾಸು ಆಡಿದಾಗ ಖರೀದಿ ಆ್ಯಪ್‌ನಲ್ಲಿ ಎಂದಾದರೆ ಆ ಅಂಗಡಿ ಹೆಚ್ಚು ವರ್ಷ ಬಾಳದು. ದಿನಸಿ, ಸೋಪು, ಪಾತ್ರೆ ಇಲ್ಲೇ. ಇಲ್ಲಿ ಸಿಗದ ಬಿಡಿಭಾಗ, ಪುಸ್ತಕ, ಯಂತ್ರದ ಸಾಮಾನು ಅಲ್ಲಿ ಎಂದು ಮನೆಯಲ್ಲಿ ಒಂದು ಗೆರೆ ಹಾಕಿಕೊಳ್ಳಬಹುದು.

ಸಹಕಾರಿಯಾಗಿ ಮಾರುವುದು ನಮಗೆ ಹೊಸದಲ್ಲ. ಅಡಿಕೆಗೆ 1939ರಿಂದ ಮ್ಯಾಮ್ಕೋಸ್ ಇದೆ. ಬಟ್ಟೆಯಲ್ಲಿ ಅಂಥದ್ದೇ ಪ್ರಯತ್ನ ಹೆಗ್ಗೋಡಿನ ಪಕ್ಕದ ಭೀಮನಕೋಣೆಯ ಚರಕ: ರಂಗಕರ್ಮಿ ಪ್ರಸನ್ನರ ಮುಂದಾಳುತನದಲ್ಲಿ 1990ರ ದಶಕದಲ್ಲಿ ಶುರುವಾದ ಮಹಿಳಾ ಸಹಕಾರಿ ಸಂಘ. ಹಳ್ಳಿಯ ಹೆಣ್ಣುಮಕ್ಕಳು ನೇಯ್ದು, ಸಹಜ ಬಣ್ಣ ಹಾಕಿ, ಹೊಲಿದ ಬಟ್ಟೆ 'ದೇಸಿ' ಅಂಗಡಿಗಳಲ್ಲಿ ಮಾರಾಟವಾಗುತ್ತದೆ. 2017ರಲ್ಲಿ ಕೈಉತ್ಪನ್ನಗಳ ಮೇಲಿನ ಜಿಎಸ್‌ಟಿ ವಿರುದ್ಧ ಕರನಿರಾಕರಣೆ ಸತ್ಯಾಗ್ರಹ ನಡೆದಾಗ ಮುಂದೆ ನಿಂತವರು ಇದೇ ಪ್ರಸನ್ನ. 2020ರಲ್ಲಿ ಚರಕ ತನ್ನ ಹಣಕಾಸಿನ ಬಿಕ್ಕಟ್ಟನ್ನು ಬಹಿರಂಗವಾಗಿ ಹೇಳಿಕೊಳ್ಳಬೇಕಾಯಿತು. ನ್ಯಾಯವಾಗಿ ತಯಾರಾದ ವಸ್ತುವನ್ನು ಮೆಚ್ಚುವವರು ಬಹಳ. ಅದು ಉಳಿಯುವುದು ವರ್ಷಕ್ಕೆ ಎರಡು ಅಂಗಿಯನ್ನಾದರೂ ತಪ್ಪದೆ ಕೊಳ್ಳುವವರಿಂದ.

ಮುಷ್ಕರದ ಕರೆ ಬಂದಾಗ

ಬಹಿಷ್ಕಾರಕ್ಕೂ ಒಂದು ಸಮಯ ಇದೆ. ಅದನ್ನು ಗೊತ್ತುಮಾಡುವವರು ಕೊಳ್ಳುವವರಾಗಬಾರದು, ದುಡಿಯುವವರಾಗಬೇಕು. ಅವರು ಕೇಳದೆ ನಾವು ಆರ್ಡರ್ ನಿಲ್ಲಿಸಿದರೆ ಪಾರ್ಸೆಲ್ ಲೆಕ್ಕದವರ ಅವತ್ತಿನ ಸಂಪಾದನೆ ಹೋಯಿತು, ಅಷ್ಟೆ. ಅವರೇ ಕರೆ ಕೊಟ್ಟ ದಿನ ಆರ್ಡರ್ ಮಾಡಿದರೆ ಅವರ ಬೆನ್ನಿಗೆ ನಿಲ್ಲಲಿಲ್ಲ ಎಂದೇ ಅರ್ಥ.

ಒಗ್ಗಟ್ಟಿಗೂ ಕರೆಗೂ ಬೆಲೆ ಇಲ್ಲದೆ ಇಲ್ಲ. 2022ರ ಏಪ್ರಿಲ್‌ನಲ್ಲಿ ನ್ಯೂಯಾರ್ಕ್‌ನ ಸ್ಟೇಟನ್ ಐಲೆಂಡ್‌ನ ಅಮೆಜಾನ್ ಗೋದಾಮಿನ ಕಾರ್ಮಿಕರು 2,654 ಮತಗಳಿಂದ ಸಂಘ ಬೇಕೆಂದರು, ಬೇಡವೆಂದವರು 2,131. ಭಾರತದಲ್ಲಿ 2025ರ ಡಿಸೆಂಬರ್ 25 ಮತ್ತು 31ರಂದು ಆ್ಯಪ್ ಕಾರ್ಮಿಕರ ಒಕ್ಕೂಟಗಳು ದೇಶವ್ಯಾಪಿ ಮುಷ್ಕರಕ್ಕೆ ಕರೆ ಕೊಟ್ಟವು. ಹತ್ತು ನಿಮಿಷದ ಡೆಲಿವರಿ ನಿಲ್ಲಿಸಿ, ದರದ ಲೆಕ್ಕ ತೋರಿಸಿ, ಮನಸ್ಸಿಗೆ ಬಂದಂತೆ ಐಡಿ ಬ್ಲಾಕ್ ಮಾಡಬೇಡಿ ಎಂಬುದು ಬೇಡಿಕೆ. ಮುಂದಿನ ಜನವರಿಯಲ್ಲಿ ಕೇಂದ್ರ ಕಾರ್ಮಿಕ ಸಚಿವರು ಕಂಪನಿಗಳೊಂದಿಗೆ ಮಾತಾಡಿದ ಮೇಲೆ ದಿನಸಿ ಆ್ಯಪ್ ಬ್ಲಿಂಕಿಟ್ ತನ್ನ ಜಾಹೀರಾತಿನಿಂದ 'ಹತ್ತು ನಿಮಿಷ'ವನ್ನು ಕೈಬಿಟ್ಟಿತು.

ಅಂಥ ಕರೆ ಕಿವಿಗೆ ಬಿದ್ದರೆ ಮಾಡಬೇಕಾದದ್ದು ಸುಲಭ. ಕರೆ ಕೊಟ್ಟ ಸಂಘ ಯಾವುದು, ಯಾವ ಕಂಪನಿ, ಯಾವ ದಿನ ಎಂದು ತಿಳಿದುಕೊಳ್ಳಿ. ಆ ದಿನ ಆರ್ಡರ್ ಬೇಡ. ಈಗಾಗಲೇ ಹೊರಟ ಪಾರ್ಸೆಲ್ ತಡವಾದರೆ ದೂರು ಬೇಡ. ಮತ್ತೆ ಆರ್ಡರ್ ಮಾಡುವಾಗ ಕಂಪನಿಯ ಗ್ರಾಹಕ ಸೇವೆಗೆ ಕನ್ನಡದಲ್ಲೇ ಎರಡು ಸಾಲು ಬರೆಯಿರಿ: ನಮ್ಮೂರಿಗೆ ಪಾರ್ಸೆಲ್ ತರುವವರಿಗೆ ಕಿಲೋಮೀಟರ್ ಲೆಕ್ಕದಲ್ಲಿ ದುಡ್ಡು ಕೊಡುತ್ತೀರಾ, ರಾಜ್ಯದ ಕಾಯ್ದೆಯಡಿ ಅವರನ್ನು ನೋಂದಾಯಿಸಿದ್ದೀರಾ? ಒಬ್ಬರು ಕೇಳಿದರೆ ಸಿದ್ಧ ಉತ್ತರ ಬರುತ್ತದೆ. ಒಂದೇ ಪಿನ್‌ಕೋಡಿನಿಂದ ಐವತ್ತು ಮಂದಿ ಕೇಳಿದರೆ ಆ ಪ್ರಶ್ನೆಯನ್ನು ಮೇಲಿನವರಿಗೆ ಕಳಿಸದೆ ಅವರಿಗೆ ವಿಧಿ ಇರುವುದಿಲ್ಲ.